ಒಂದೇ ಮೋಡ, ಒಂದೇ ಮಳೆ. ನೀರು ಮಾತ್ರ ಎರಡು ಹೊಳೆಗೆ!

ಮಿರಗದ ಮಳೆ ಹೊಯ್ದು ನಿಂತ ಸಂಜೆ ಹುಮನಾಬಾದದ ಬಸ್ ಸ್ಟ್ಯಾಂಡಿನಲ್ಲಿ ಬಸವಕಲ್ಯಾಣದ ಗಾಡಿಗೆ ಕಾಯುವವರ ಮಾತು ವರ್ಷಾ ವರ್ಷಾ ಒಂದೇ.

"ಛಲೋ ಮಳಿ ಆತ್ ನೋಡ್ರಿ ಇವತ್ತು."

"ಆಗಿ ಏನ್ ಮಾಡೋದ್ರಿ, ಎಲ್ಲಾ ಹರದ್ ಹೋತು. ಬ್ಯಾಸಗ್ಯಾಗ ಮತ್ತ ಟ್ಯಾಂಕರೇ ಗತಿ."

ಹರಿದು ಹೋಯಿತು, ಖರೆ. ಹೋದದ್ದು ಎಲ್ಲಿಗೆ? ಈ ಪ್ರಶ್ನೆ ಕೇಳಿದರೆ ಊರ ಹೊರಗಿನ ಹಳ್ಳದ ಕಡೆಗೆ ಕೈ ತೋರಿಸುವವರೇ ಬಹಳ. ಹಳ್ಳದಿಂದ ಮುಂದೆ? "ಹೊಳಿಗ್ ಹೋಗ್ತದ್ರಿ, ಮತ್ತೆಲ್ಲಿ?" ಯಾವ ಹೊಳೆಗೆ ಅಂದರೆ ಅಲ್ಲಿಗೆ ಮಾತು ನಿಲ್ಲುತ್ತದೆ. ನಿಲ್ಲುವುದರಲ್ಲಿ ತಪ್ಪೂ ಇಲ್ಲ. ಏಕೆಂದರೆ ಈ ಭಾಗದಲ್ಲಿ ಆ ಪ್ರಶ್ನೆಗೆ ಉತ್ತರ ಒಂದಲ್ಲ, ಎರಡು. ಬಸವಕಲ್ಯಾಣ ಮತ್ತು ಹುಮನಾಬಾದ ಸೀಮೆಯಲ್ಲಿ ಬಿದ್ದ ಮಳೆಯಲ್ಲಿ ಒಂದು ಪಾಲು ಗೋದಾವರಿಗೆ ಹೋಗುತ್ತದೆ. ಇನ್ನೊಂದು ಪಾಲು ಕೃಷ್ಣೆಗೆ ಹೋಗುತ್ತದೆ. ಅಕ್ಕಪಕ್ಕದ ಎರಡು ಹೊಲದಲ್ಲಿ ಬಿದ್ದ ಹನಿಗಳು ಬೆನ್ನು ತಿರುಗಿಸಿಕೊಂಡು ನಡೆದು, ಕೊನೆಗೆ ಬೇರೆ ಬೇರೆ ಬಾಯಿಂದ ಸಮುದ್ರ ಸೇರುತ್ತವೆ.

ನಂಬಿಕೆ ಬಾರದವರು ಬಾಜಾರಿನ ಪತ್ರಾಸ್ ಅಂಗಡಿಯನ್ನೊಮ್ಮೆ ನೋಡಬೇಕು. ನಡುವೆ ನೆತ್ತಿ, ಎರಡೂ ಕಡೆ ಇಳಿಜಾರು. ಮಳೆ ಬಿದ್ದರೆ ಅರ್ಧ ನೀರು ಈ ಮಗ್ಗುಲಿನ ಗಟಾರಕ್ಕೆ, ಅರ್ಧ ಆ ಮಗ್ಗುಲಿಗೆ. "ನಿಮ್ ಪತ್ರಾಸಿನ ನೀರು ನಮ್ ದುಕಾನದ ಮುಂದ ಬೀಳ್ತದ" ಎಂಬ ಜಗಳ ಯಾವ ಬಾಜಾರಿನಲ್ಲಿಲ್ಲ? ಎರಡು ತಾಲ್ಲೂಕಿನ ನೆಲವೂ ಅಂಥದೇ ಒಂದು ಛಾವಣಿ. ಸಮುದ್ರಮಟ್ಟದಿಂದ ಆರುನೂರು ಮೀಟರ್ ಆಸುಪಾಸಿನ ಎತ್ತರದಲ್ಲಿರುವ ಈ ದಿಬ್ಬದ ನೆತ್ತಿಗೆ ಪುಸ್ತಕದ ಭಾಷೆಯಲ್ಲಿ ಜಲವಿಭಾಜಕ ಎನ್ನುತ್ತಾರೆ. ನೆತ್ತಿಯಿಂದ ಈಚೆ ಬಿದ್ದದ್ದೆಲ್ಲ ಕೂಡಿ ಒಂದೇ ಹೊಳೆಗೆ ಇಳಿಯುವ ನೆಲಕ್ಕೆ ನದಿಯ ಕೊಳ್ಳ ಅಥವಾ ಜಲಾನಯನ ಪ್ರದೇಶ ಎಂದು ಹೆಸರು. ನೆತ್ತಿಯ ಮೇಲೆ ಬೋರ್ಡು ಇಲ್ಲ, ಕಲ್ಲು ನೆಟ್ಟಿಲ್ಲ. ಎತ್ತಿನ ಬಂಡಿ ಹೊಡೆಯುವವನಿಗೆ ಮಾತ್ರ ಎಲ್ಲಿ ಏರು ಮುಗಿದು ಇಳಿವು ಶುರುವಾಯಿತೆಂದು ಗೊತ್ತಾಗುತ್ತಿತ್ತು. ಬಸ್ಸಿನಲ್ಲಿ ಕುಳಿತವರಿಗೆ ಅದೂ ಗೊತ್ತಾಗುವುದಿಲ್ಲ.

ಲೆಕ್ಕಕ್ಕೆ ಹೇಳುವುದಾದರೆ, 5,448 ಚದರ ಕಿ.ಮೀ. ಬೀದರ್ ಜಿಲ್ಲೆಯಲ್ಲಿ 4,411 ಚದರ ಕಿ.ಮೀ.ಯಷ್ಟು ನೆಲ ಗೋದಾವರಿಯ ಕಡೆಗೆ ಬಾಗಿದೆ. ಕೃಷ್ಣೆಯ ಕಡೆ ಮುಲ್ಲಾಮಾರಿ ಕೊಳ್ಳದ 585, ಗಂಡೋರಿ ನಾಲಾದ 249 ಚದರ ಕಿ.ಮೀ. ಉಳಿದ ತಾಲ್ಲೂಕುಗಳವರಿಗೆ ಬಹುಮಟ್ಟಿಗೆ ಗೋದಾವರಿಯೊಂದೇ ಗೊತ್ತು. ಎರಡೂ ಮನೆಯ ನಂಟು ಇರುವುದು ಕಲ್ಯಾಣ, ಹುಮನಾಬಾದ ಕಡೆಯವರಿಗೆ.

ಉತ್ತರದ ದಾರಿ

ಬಸವಕಲ್ಯಾಣ ತಾಲ್ಲೂಕಿನ ಮುಸ್ತಾಪುರದ ಹತ್ತಿರ ಚುಳಕಿ ನಾಲಾಕ್ಕೆ ಕಟ್ಟಿದ ಅಣೆಕಟ್ಟಿದೆ. ಅಲ್ಲಿ ನಿಂತ ನೀರು ಗೋದಾವರಿಯ ಪಾಲು. ಹುಮನಾಬಾದಿನ ಉತ್ತರಕ್ಕೆ ಇಳಿಯುವ ಹಳ್ಳಗಳು ಸೇರುವುದು ಕಾರಂಜಾಕ್ಕೆ. ಈ ಕಾರಂಜಾ ಹುಟ್ಟುವುದು ತೆಲಂಗಾಣದ ಕೋಹೀರ್ ಹತ್ತಿರ. ಜಿಲ್ಲೆಯೊಳಗೆ 74 ಕಿ.ಮೀ. ಹರಿದು ಮಾಂಜ್ರಾ ನದಿಗೆ ಬೀಳುತ್ತದೆ. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯಲ್ಲಿ ಅದಕ್ಕೆ ಅಡ್ಡ ಕಟ್ಟಿದ ಜಲಾಶಯವೇ ಜಿಲ್ಲೆಯ ದೊಡ್ಡ ನೀರಿನ ತಿಜೋರಿ. ಹಿಡಿಯುವುದು 7.69 ಟಿಎಂಸಿ.

ಮಾಂಜ್ರಾದ ನಡಿಗೆಯೇ ಒಂದು ತಮಾಷೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಬಾಲಾಘಾಟ್ ಗುಡ್ಡದಲ್ಲಿ ಹುಟ್ಟಿ, ಲಾತೂರ ಕಡೆ ಹಾದು, ಬೀದರ್ ಜಿಲ್ಲೆಯಲ್ಲಿ 155 ಕಿ.ಮೀ. ಹರಿದು, ಆಗ್ನೇಯಕ್ಕೆ ಹೊರಟದ್ದು ತೆಲಂಗಾಣಕ್ಕೆ ಹೋದ ಮೇಲೆ ಏನೋ ಮರೆತವರ ಹಾಗೆ ತಿರುಗಿ ಉತ್ತರಕ್ಕೆ ನಡೆಯುತ್ತದೆ. ಸಿಂಗೂರು, ನಿಜಾಮಸಾಗರ ದಾಟಿ ಕಂದಕುರ್ತಿಯಲ್ಲಿ ಗೋದಾವರಿ ಸೇರುವ ಹೊತ್ತಿಗೆ ಒಟ್ಟು 724 ಕಿ.ಮೀ. ನಡೆದಿರುತ್ತದೆ. ಹುಮನಾಬಾದದ ಹೊಲದಿಂದ ಹೊರಟ ಹನಿಗೆ ಅಲ್ಲಿಂದ ಮುಂದೆ ರಾಜಮಹೇಂದ್ರಿ, ಧವಳೇಶ್ವರ, ಆಮೇಲೆ ಸಮುದ್ರ.

ದಕ್ಷಿಣದ ದಾರಿ

ಇನ್ನೊಂದು ಮಗ್ಗುಲಿನ ಕಥೆ ಮುಲ್ಲಾಮಾರಿಯದು. ಅದೇ ಬಸವಕಲ್ಯಾಣ ತಾಲ್ಲೂಕಿನ ಖೇರ್ಡಾ (ಬಿ) ಹತ್ತಿರ ಮೇಲ್ದಂಡೆ ಮುಲ್ಲಾಮಾರಿ ಜಲಾಶಯ, ಕೆಳಗೆ ಚಿಂಚೋಳಿ ತಾಲ್ಲೂಕಿನ ನಾಗರಾಳದಲ್ಲಿ ಕೆಳದಂಡೆ ಮುಲ್ಲಾಮಾರಿ. ಒಂದೇ ತಾಲ್ಲೂಕಿನಲ್ಲಿ ಎರಡು ಅಣೆಕಟ್ಟು. ಮುಸ್ತಾಪುರದ ನೀರು ಗೋದಾವರಿಗೆ, ಖೇರ್ಡಾದ ನೀರು ಕೃಷ್ಣೆಗೆ! ತಾಲ್ಲೂಕು ಕಚೇರಿ ಒಂದೇ ಇದ್ದರೂ ನೀರಿಗೆ ಆ ಸರಹದ್ದು ಗೊತ್ತಿಲ್ಲ.

ಮುಲ್ಲಾಮಾರಿ ಹೋಗಿ ಕಾಗಿಣಾ ಸೇರುತ್ತದೆ. ಗಂಡೋರಿ ನಾಲಾ ಕಮಲಾಪುರ ಕಡೆ ಇಳಿದು, ಬೆಳಕೋಟಾದ ಅಣೆಕಟ್ಟು ದಾಟಿ, ಬೆಣ್ಣೆತೊರಾದ ಮೂಲಕ ಅದೇ ಕಾಗಿಣಾಕ್ಕೆ ಹೋಗುತ್ತದೆ. ಕಾಗಿಣಾ ಭೀಮೆಗೆ, ಭೀಮೆ ರಾಯಚೂರಿನ ಉತ್ತರಕ್ಕೆ ಕೃಷ್ಣೆಗೆ. ಆಮೇಲೆ ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡ.

ಕಾಗಿಣಾ ದಂಡೆಯ ಮೇಲೆ ಮಳಖೇಡ ಇದೆ. ರಾಷ್ಟ್ರಕೂಟರ ರಾಜಧಾನಿ. 973ರಲ್ಲಿ ಆ ರಾಜ್ಯವನ್ನು ಮುಗಿಸಿದವರು ಚಾಲುಕ್ಯ ತೈಲಪನ ಕಡೆಯವರು. ಅವರ ವಂಶದವರೇ ಮುಂದೆ ಕಲ್ಯಾಣವನ್ನು ರಾಜಧಾನಿ ಮಾಡಿಕೊಂಡರು. ಸೋತವರ ಕೋಟೆಯ ಕೆಳಗೆ ಗೆದ್ದವರ ಸೀಮೆಯ ನೀರು ಇವತ್ತಿಗೂ ಹರಿಯುತ್ತಿದೆ. ಇತಿಹಾಸದ ಮಾತು ಸಾಕು, ನೆಲಕ್ಕೆ ಬರೋಣ.

ನೆಲದೊಳಗೆ ಏನು ನಡೆಯುತ್ತದೆ?

ಮಳೆ ಬಿದ್ದ ತಕ್ಷಣ ಹಳ್ಳ ಬರುವುದಿಲ್ಲ. ಇದನ್ನು ಎಲ್ಲರೂ ನೋಡಿದ್ದಾರೆ, ಏಕೆ ಎಂದು ಕೇಳಿದವರು ಕಡಿಮೆ. ಬಸವಕಲ್ಯಾಣದ ಕಡೆಯ ಯರೆ ಭೂಮಿ ಬೇಸಿಗೆಯಲ್ಲಿ ಬಾಯಿ ಬಿಟ್ಟಿರುತ್ತದೆ. ಕೈ ಹಾಕಿದರೆ ಮೊಳಕೈವರೆಗೂ ಹೋಗುವಂಥ ಬಿರುಕು. ಮೊದಲ ಎರಡು ಮೂರು ಮಳೆಯ ನೀರು ಸೀದಾ ಆ ಬಿರುಕಿಗೆ ಇಳಿಯುತ್ತದೆ. ಹಳ್ಳ ಒಣಗಿಯೇ ಇರುತ್ತದೆ. "ಇಷ್ಟ್ ಮಳಿ ಆದ್ರೂ ಹಳ್ಳ ಬರ್ಲಿಲ್ಲಲ್ಲ" ಎಂದು ಕಟ್ಟೆಯ ಮೇಲಿನ ಹಿರಿಯರು ಹೇಳುವುದು ಆಗ. ಆಮೇಲೆ ಕರಿ ಮಣ್ಣು ನೀರು ಕುಡಿದು ಉಬ್ಬುತ್ತದೆ, ಬಿರುಕು ಮುಚ್ಚಿಕೊಳ್ಳುತ್ತದೆ. ಮುಚ್ಚಿತೆಂದರೆ ಆ ನೆಲ ಹಂಚಿನ ಹಾಗೆ. ಒಳಗೆ ನೀರು ಬಿಡುವುದೇ ಇಲ್ಲ. ಅದೇ ಅಳತೆಯ ಮಳೆ ಜೂನಿನಲ್ಲಿ ಬಿದ್ದರೆ ಹೊಲಕ್ಕೆ ಮೇಲು, ಸೆಪ್ಟೆಂಬರಿನಲ್ಲಿ ಬಿದ್ದರೆ ಹಳ್ಳ ದಂಡೆ ಮೀರುತ್ತದೆ. ತೊಗರಿ ಹೊಲದ ಮೇಲುಮಣ್ಣು ಕೆಂಪು ಚಹಾದ ಬಣ್ಣದಲ್ಲಿ ಹೊಳೆಗೆ ಹೋಗುವುದೂ ಆಗಲೇ.

ಹುಮನಾಬಾದ, ಬೀದರ ಕಡೆಯ ಎತ್ತರದ ನೆಲದಲ್ಲಿ ಬೇರೆ ಆಟ. ಅಲ್ಲಿ ಮೇಲಿನ ಪದರ ಕೆಂಪು ಜಂಬಿಟ್ಟಿಗೆ ಕಲ್ಲು. ತೂತು ತೂತು, ಸ್ಪಂಜಿನ ಜಾತಿ. ಬಿದ್ದ ನೀರನ್ನು ಹೀರುತ್ತದೆ. ಹೀರಿದ ನೀರು ಕೆಳಗಿಳಿದು ಜೇಡಿಮಣ್ಣಿನ ಪದರಕ್ಕೆ ತಾಕಿ ನಿಲ್ಲುತ್ತದೆ. ಅದರ ಕೆಳಗೆ ದಖ್ಖನ್ನಿನ ಗಟ್ಟಿ ಕರಿಕಲ್ಲು. ಕೆಳಗೆ ದಾರಿ ಇಲ್ಲದ ನೀರು ಮಗ್ಗುಲಿಗೆ ನಡೆದು ದಿಬ್ಬದ ಅಂಚಿನಲ್ಲಿ ಝರಿಯಾಗಿ ಹೊರಬೀಳುತ್ತದೆ. ಬೀದರಿನ ನರಸಿಂಹ ಝರಣಿ, ನಾನಕ್ ಝೀರಾ ಎರಡರ ಗುಟ್ಟೂ ಇಷ್ಟೇ. ಬಹಮನಿ ಕಾಲದಲ್ಲಿ ಬೀದರಿನ ನೌಬಾದಿನಲ್ಲಿ ಈ ಪದರವನ್ನೇ ಹಿಡಿದು ಸುರಂಗ ಕೊರೆದು, ನಡುನಡುವೆ ಬಾವಿ ತೋಡಿ, ನೀರನ್ನು ತಾನಾಗಿಯೇ ಇಳಿಜಾರಿನಲ್ಲಿ ನಡೆಯುವಂತೆ ಮಾಡಿದರು. ಮೋಟಾರಿಲ್ಲ, ಕರೆಂಟಿಲ್ಲ. ಕಲ್ಲಿನ ಸ್ವಭಾವ ಗೊತ್ತಿತ್ತು, ಅಷ್ಟೇ.

ಕರಿಕಲ್ಲಿನ ನೆಲದಲ್ಲಿ ಬಾವಿ ತೋಡಿದವರನ್ನು ಕೇಳಿ. ಮೊದಲು ಮಣ್ಣು, ಆಮೇಲೆ ಮುರಮ, ಆಮೇಲೆ ಸೀಳು ಸೀಳಾದ ಕಲ್ಲು, ಕೊನೆಗೆ ಸುತ್ತಿಗೆಗೆ ಬಗ್ಗದ ಬಂಡೆ. ನೀರು ಸಿಗುವುದು ಮುರಮದಲ್ಲಿ ಮತ್ತು ಸೀಳುಗಳಲ್ಲಿ. ಆ ನೀರೂ ಸುಮ್ಮನೆ ಕುಳಿತಿರುವುದಿಲ್ಲ. ಮೇಲಿನ ನೆಲ ಯಾವ ಕಡೆ ಇಳಿದಿದೆಯೋ ಬಹುಮಟ್ಟಿಗೆ ಆ ಕಡೆಗೇ, ಇರುವೆಯ ನಡಿಗೆಯಲ್ಲಿ, ಹಳ್ಳಕ್ಕೆ ನಡೆಯುತ್ತಿರುತ್ತದೆ. ಮಳೆ ನಿಂತು ತಿಂಗಳಾದರೂ ಹಳ್ಳದಲ್ಲಿ ಸಣ್ಣಗೆ ನೀರು ಹರಿಯುತ್ತಿದ್ದರೆ ಅದು ಮೋಡದ ನೀರಲ್ಲ, ಬಾವಿಗಳ ಸೋದರ. ಹಿಂದೆ ಹಳ್ಳಗಳು ಸಂಕ್ರಾಂತಿವರೆಗೆ ಹರಿಯುತ್ತಿದ್ದವು ಎಂದು ವಯಸ್ಸಾದವರು ಹೇಳುತ್ತಾರೆ. ಕೊಳವೆಬಾವಿ ಆಳ ಹೋದಂತೆ ಆ ಸಣ್ಣ ಹರಿವು ಮೊದಲು ಸತ್ತಿತು. ಹಳ್ಳದ ಬಾಯಿಗೆ ಬರಬೇಕಾದ ನೀರನ್ನು ನಡುದಾರಿಯಲ್ಲಿ ಪಂಪು ಎತ್ತಿಕೊಂಡರೆ ಹಳ್ಳ ಎಲ್ಲಿಂದ ಹರಿಯಬೇಕು?

ಮೇಲೆ ಯಾರೂ ಇಲ್ಲ

ಈ ಸೀಮೆಯವರು ಗಮನಿಸಬೇಕಾದ ಸಂಗತಿ ಇರುವುದು ಇಲ್ಲೇ. ಹೊಳೆ ದಂಡೆಯ ಊರುಗಳಿಗೆ ಮೇಲಿನವರ ಮಳೆ ಹರಿದು ಬರುತ್ತದೆ. ಮಹಾಬಳೇಶ್ವರದಲ್ಲಿ ಮಳೆ ಹೊಯ್ದರೆ ಬಾಗಲಕೋಟೆಯಲ್ಲಿ ಹೊಳೆ ತುಂಬುತ್ತದೆ. ಕಲ್ಯಾಣ, ಹುಮನಾಬಾದಕ್ಕೆ ಆ ಭಾಗ್ಯವಿಲ್ಲ. ಎರಡೂ ಕೂತಿರುವುದು ನೆತ್ತಿಯ ಆಸುಪಾಸಿನಲ್ಲಿ. ನೆತ್ತಿಗೆ ನೀರು ಬರುವ ದಾರಿ ಒಂದೇ, ಆಕಾಶ. ಕೆಳಗಿನ ಅಣೆಕಟ್ಟಿನ ನೀರು ದಿಬ್ಬದ ಊರಿಗೆ ಬೇಕಾದರೆ ಕರೆಂಟು ಸುಟ್ಟು ಮೇಲೆತ್ತಬೇಕು. ಇಳಿಯುವಾಗ ಪುಕ್ಕಟೆ ಹೋದ ನೀರೇ, ಹತ್ತುವಾಗ ಬಿಲ್ಲು ಕೇಳುತ್ತದೆ.

ಆಕಾಶವೇನು ಜಿಪುಣ ಅಲ್ಲ. ಜಿಲ್ಲೆಯ ಸರಾಸರಿ ಮಳೆ ವರ್ಷಕ್ಕೆ 850 ಮಿ.ಮೀ. ಆಸುಪಾಸು. ಇಡೀ ಜಿಲ್ಲೆಯ ನೆಲಕ್ಕೆ ಗುಣಿಸಿದರೆ ಸುಮಾರು 160 ಟಿಎಂಸಿ ಆಗುತ್ತದೆ. ಕಾರಂಜಾದಂಥ ಇಪ್ಪತ್ತು ಜಲಾಶಯ ತುಂಬುವಷ್ಟು. ಅದರಲ್ಲಿ ಬಹುಪಾಲು ಬಿಸಿಲಿಗೆ ಆವಿಯಾಗಿ, ಬೆಳೆ ಗಿಡಗಳ ಎಲೆಯಿಂದ ಉಸಿರಾಗಿ ಮೇಲೇ ಹೋಗುತ್ತದೆ. ಉಳಿದದ್ದರಲ್ಲಿ ಒಂದಷ್ಟು ನೆಲಕ್ಕೆ, ಒಂದಷ್ಟು ಹಳ್ಳಕ್ಕೆ. ಚಿಕ್ಕ ಲೆಕ್ಕ ಬೇಕಾದವರು ಅಂಗಡಿಯ ಪತ್ರಾಸನ್ನೇ ಹಿಡಿಯಲಿ. ಹತ್ತು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಛಾವಣಿಯ ಮೇಲೆ 20 ಮಿ.ಮೀ. ಮಳೆ ಬಿದ್ದರೆ 370 ಲೀಟರು. ಹೆಚ್ಚುಕಮ್ಮಿ ಎರಡು ಡ್ರಮ್ಮು. ವರ್ಷದ ಲೆಕ್ಕಕ್ಕೆ ಹದಿನೈದು ಸಾವಿರ ಲೀಟರಿಗೂ ಮೇಲೆ, ಅಂದರೆ ಐದು ಸಾವಿರ ಲೀಟರಿನ ಮೂರು ಟ್ಯಾಂಕರ್. ಗಟಾರಕ್ಕೆ ಬಿಟ್ಟು, ಏಪ್ರಿಲಿನಲ್ಲಿ ರೊಕ್ಕ ಕೊಟ್ಟು ಕೊಳ್ಳುವ ನೀರು ಇದೇ.

ಹಿಂದಿನವರಿಗೆ ಈ ನೆತ್ತಿಯ ಕಷ್ಟ ತಿಳಿದಿತ್ತು ಅನ್ನಲು ಊರೂರಿನಲ್ಲಿ ಗುರುತುಗಳಿವೆ. ಕಲ್ಯಾಣದಲ್ಲಿ ತ್ರಿಪುರಾಂತ ಕೆರೆ ಇದೆ. ಹುಮನಾಬಾದ ತಾಲ್ಲೂಕಿನಲ್ಲಿ ಚಾಲುಕ್ಯರ ಕಾಲದ ಗುಡಿ ಇರುವ ಜಲಸಂಗಿಯ ಹೆಸರಲ್ಲೇ ಜಲವಿದೆ. ಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಹುಮನಾಬಾದ ಪಕ್ಕದಲ್ಲಿ ಮಾಣಿಕನಗರಕ್ಕೆ ಜಾಗ ಆರಿಸಿದ್ದೂ ವಿರಜಾ, ಗುರುಗಂಗಾ ಎಂಬ ಎರಡು ಸಣ್ಣ ಹಳ್ಳಗಳು ಕೂಡುವಲ್ಲಿ. ಇಂಥ ಸಣ್ಣ ಹಳ್ಳಗಳೇ ದೊಡ್ಡ ಹೊಳೆಯ ಬೇರು. ಈಗ ಊರು ಬೆಳೆದಂತೆ ಮೊದಲು ಮಾಯವಾಗುವುದೂ ಅವೇ. ಬೇಸಿಗೆಯಲ್ಲಿ ಒಣಗಿದ ನಾಲಾ ನೋಡಿ "ಇಲ್ಲೇನ್ ನೀರ್ ಬರ್ತದ್ರಿ" ಎಂದು ಮುರಮ ಹಾಕಿ ಪ್ಲಾಟು ಮಾಡುತ್ತಾರೆ. ಇಪ್ಪತ್ತು ವರ್ಷಕ್ಕೊಮ್ಮೆ ಬರುವ ಮಳೆ ತನ್ನ ಹಳೇ ದಾರಿ ಮರೆತಿರುವುದಿಲ್ಲ. ಹಾಸಿಗೆ, ಅಕ್ಕಿ ಚೀಲ, ಫ್ರಿಜ್ಜು ಎಲ್ಲ ಸೇರಿಸಿಕೊಂಡು ಹೋಗುತ್ತದೆ. ಆಗ ಬೈಗುಳ ಮಳೆಗೆ.

ನೀರು ತೀರಿದರೆ ಏನಾಗುತ್ತದೆಂದು ನೋಡಲು ದೂರ ಹೋಗಬೇಕಿಲ್ಲ. 2016ರಲ್ಲಿ ಪಕ್ಕದ ಲಾತೂರಿನಲ್ಲಿ ಆದದ್ದು ನೆನಪಿರಬಹುದು. ಧನೇಗಾಂವದ ಮಾಂಜ್ರಾ ಅಣೆಕಟ್ಟು ಬರಿದಾಗಿ, ಆ ಏಪ್ರಿಲಿನಲ್ಲಿ ಮಿರಜದಿಂದ ರೈಲಿನಲ್ಲಿ ನೀರು ತಂದರು. ಮೊದಲ ಗಾಡಿಯಲ್ಲಿ ಹತ್ತು ಡಬ್ಬಿ, ಐದು ಲಕ್ಷ ಲೀಟರು. ಆಮೇಲೆ ಐವತ್ತು ಡಬ್ಬಿಯ ಗಾಡಿ. ಮಿರಜ ಇರುವುದು ಕೃಷ್ಣಾ ಕೊಳ್ಳದಲ್ಲಿ, ಲಾತೂರ ಗೋದಾವರಿ ಕೊಳ್ಳದಲ್ಲಿ. ನೀರು ತಾನಾಗಿ ಎಂದೂ ದಾಟದ ನೆತ್ತಿಯನ್ನು ಡೀಸೆಲ್ ಸುಟ್ಟು ದಾಟಿಸಿದ್ದು ಹೀಗೆ. ಅದೇ ನೆತ್ತಿಯ ಮುಂದುವರಿದ ಭಾಗ ಇಲ್ಲಿ, ಕಲ್ಯಾಣ ಹುಮನಾಬಾದದಲ್ಲಿದೆ.

ಕೆಳಗಿನವರ ಪಾಡು

ಮೇಲೆ ಕೂತವರು ಬಿಟ್ಟದ್ದನ್ನು ಕೆಳಗಿನವರು ಹಿಡಿಯಬೇಕು. ಕುಡಿಯುವ ನೀರಾದರೂ ಸೈ, ಗಟಾರಿನ ಹೊಲಸಾದರೂ ಸೈ, ನೆರೆಯಾದರೂ ಸೈ. ಮುಲ್ಲಾಮಾರಿಯ ಮೇಲ್ಭಾಗದಲ್ಲಿ ಜೋರು ಮಳೆಯಾದರೆ ನಾಗರಾಳದಲ್ಲಿ ಗೇಟು ಎತ್ತುತ್ತಾರೆ. ಗೇಟು ಎತ್ತಿದರೆ ಚಿಮ್ಮನಚೋಡ, ಗಾರಂಪಳ್ಳಿ ಕಡೆಯವರಿಗೆ ಸೇತುವೆ ಮೇಲೆ ನೀರು, ಬಸ್ಸು ಬಂದ್. ಚಿಂಚೋಳಿಯವರ ಪ್ಯಾಟಿ ಸಂಚಾರ ಅರ್ಧ ದಿನ ನಿಂತಿತೆಂದರೆ ಅದರ ಕಾರಣ ಹಿಂದಿನ ರಾತ್ರಿ ಕಲ್ಯಾಣದ ಕಡೆಯ ಮೋಡದಲ್ಲಿರುತ್ತದೆ.

2020ರ ಅಕ್ಟೋಬರಿನ ಮಳೆ ಇನ್ನೂ ವಿಚಿತ್ರ. ಬಂಗಾಳ ಕೊಲ್ಲಿಯಲ್ಲಿ ಎದ್ದ ವಾಯುಭಾರ ಕುಸಿತ 13ನೇ ತಾರೀಖು ಕಾಕಿನಾಡದ ಹತ್ತಿರ ದಡ ಹತ್ತಿತು. ಕಾಕಿನಾಡ ಅಂದರೆ ಗೋದಾವರಿ ಸಮುದ್ರ ಸೇರುವ ಸೀಮೆ. ಆ ರಾತ್ರಿ ಹೈದರಾಬಾದನ್ನು ಮುಳುಗಿಸಿ, ಈ ದಿಬ್ಬದ ಮೇಲಿಂದ ಹಾದು, ಸೊಲ್ಲಾಪುರದತ್ತ ಹೋಯಿತು. ಕಾಗಿಣಾ ಉಕ್ಕಿತು, ಭೀಮೆ ಉಕ್ಕಿತು, ಕಲಬುರಗಿ ಜಿಲ್ಲೆಯ ದಂಡೆಯ ಹಳ್ಳಿಗಳು ನೀರೊಳಗೆ ನಿಂತವು. ಇಲ್ಲಿಂದ ಹರಿದು ಹೋದ ನೀರು ಸೇರುವ ಸಮುದ್ರವೇ ಮೋಡವಾಗಿ ಏರಿ ಬಂದು, ಇಲ್ಲೇ ಸುರಿದು, ಮತ್ತೆ ಇಳಿದು ಹೋಯಿತು.

ಎರಡು ಖಾತೆ, ಒಬ್ಬರೇ ನ್ಯಾಯಮೂರ್ತಿ

ಬಾಜಾರಿನ ಪತ್ರಾಸ್ ಜಗಳ ರಾಜ್ಯಗಳ ನಡುವೆಯೂ ಉಂಟು. 1969ರ ಏಪ್ರಿಲಿನಲ್ಲಿ ಕೇಂದ್ರ ಸರಕಾರ ಕೃಷ್ಣೆಗೆ ಒಂದು, ಗೋದಾವರಿಗೆ ಒಂದು, ಎರಡು ನ್ಯಾಯಮಂಡಳಿ ಮಾಡಿತು. ಎರಡಕ್ಕೂ ಅಧ್ಯಕ್ಷರು ಒಬ್ಬರೇ, ನ್ಯಾಯಮೂರ್ತಿ ಬಚಾವತ್. 1976ರಲ್ಲಿ ಕೃಷ್ಣೆಯ ಹಂಚಿಕೆ ಮುಗಿದಾಗ ಕರ್ನಾಟಕಕ್ಕೆ 700 ಟಿಎಂಸಿ. ಗೋದಾವರಿಯ ತೀರ್ಪು 1980ರಲ್ಲಿ. ಇಲ್ಲಿನ ರೈತ ಮುಲ್ಲಾಮಾರಿಯ ಕಡೆ ಒಡ್ಡು ಹಾಕಿದರೆ ಆ ನೀರು ಒಂದು ಖಾತೆಯಲ್ಲಿ, ಚುಳಕಿ ನಾಲಾದ ಕಡೆ ಹಾಕಿದರೆ ಇನ್ನೊಂದರಲ್ಲಿ. ಒಂದರಲ್ಲಿ ಉಳಿದದ್ದನ್ನು ಇನ್ನೊಂದಕ್ಕೆ ಸುಮ್ಮನೆ ಬರೆದುಕೊಳ್ಳುವಂತಿಲ್ಲ.

ಆದರೂ ಗೋದಾವರಿಯ ತೀರ್ಪಿನಲ್ಲೇ ಒಂದು ಸಣ್ಣ ಬಾಗಿಲಿತ್ತು. ಪೋಲವರಂನಿಂದ 80 ಟಿಎಂಸಿ ಗೋದಾವರಿ ನೀರನ್ನು ಕಾಲುವೆಯಲ್ಲಿ ಕೃಷ್ಣೆಗೆ ತರಬಹುದು. ಅದಕ್ಕೆ ಬದಲಾಗಿ ಮೇಲಿನ ಕೃಷ್ಣೆಯಲ್ಲಿ ಕರ್ನಾಟಕಕ್ಕೆ 21, ಮಹಾರಾಷ್ಟ್ರಕ್ಕೆ 14 ಟಿಎಂಸಿ ಎಂದು ಹೇಳಿತ್ತು. ಆಂಧ್ರದವರು 2015ರಲ್ಲಿ ಪಟ್ಟಿಸೀಮದಲ್ಲಿ ಪಂಪು ಹಾಕಿ ಗೋದಾವರಿ ನೀರನ್ನು ಎತ್ತಿ, ವಿಜಯವಾಡದ ಪ್ರಕಾಶಂ ಬ್ಯಾರೇಜಿನ ಮೇಲ್ಭಾಗದಲ್ಲಿ ಕೃಷ್ಣೆಗೆ ಬಿಟ್ಟರು.

ಹುಮನಾಬಾದದ ಮೇಲೆ ಹಾದುಹೋಗುವ 65ನೇ ನಂಬರಿನ ಹೆದ್ದಾರಿ ಹೈದರಾಬಾದ ದಾಟಿ ಅದೇ ವಿಜಯವಾಡಕ್ಕೆ ಹೋಗುತ್ತದೆ. ಸಂಜೆ ಇಲ್ಲಿ ಲಾರಿ ಹತ್ತಿದ ಮಾಲು ಮರುದಿನ ಅಲ್ಲಿರುತ್ತದೆ. ಮುಸ್ತಾಪುರ, ಖೇರ್ಡಾಗಳ ಕಡೆ ಒಂದೇ ದಿನ ಬಿದ್ದು, ಒಂದು ಉತ್ತರಕ್ಕೆ ಒಂದು ದಕ್ಷಿಣಕ್ಕೆ ಹೊರಟ ಹನಿಗಳು ಅಲ್ಲಿಗೆ ತಲುಪಲು ವಾರಗಟ್ಟಲೆ, ತಿಂಗಳುಗಟ್ಟಲೆ ಬೇಕು. ನಡುವೆ ಎಷ್ಟೋ ಅಣೆಕಟ್ಟು, ಎಷ್ಟೋ ಪಂಪು, ಎಷ್ಟೋ ಗದ್ದೆ. ಅದೆಲ್ಲ ತಪ್ಪಿಸಿಕೊಂಡು ಹೋದದ್ದು ಏನಾದರೂ ಇದ್ದರೆ, ಪ್ರಕಾಶಂ ಬ್ಯಾರೇಜಿನ ಹಿಂದೆ ನಿಂತ ನೀರಿನಲ್ಲಿ ಎರಡೂ ಕೂಡಿರುತ್ತವೆ.